ಕಣದ ಮೇಲಿನ ಬೆಲೆ

ನನ್ನ ತಂಗಿಯ ಮಗ ಕಲಬುರಗಿಯಲ್ಲಿ ಬೇಳೆ ಮಿಲ್ಲು ನಡೆಸುತ್ತಾನೆ. ಬಣ್ಣ ನೋಡಿ ಕೆಟ್ಟ ಬೇಳೆ ಬೇರ್ಪಡಿಸುವ ಯಂತ್ರವೊಂದನ್ನು ಚೀನಾದಿಂದ ತರಿಸಿದ. ಮಾರುವವರು ಎರಡು ಬೆಲೆ ಹೇಳಿದ್ದರು. ಎಫ್‌ಓಬಿ ಎಂದರೆ ಅಲ್ಲಿಯ ಬಂದರಿನಲ್ಲಿ ಹಡಗಿಗೇರಿಸುವವರೆಗೆ ಅವರ ಖರ್ಚು, ಮುಂದಿನದು ನಮ್ಮದು. ಸಿಐಎಫ್ ಎಂದರೆ ಮುಂಬಯಿ ಬಳಿಯ ನ್ಹಾವಾ ಶೇವಾದವರೆಗೆ ಬಾಡಿಗೆ, ವಿಮೆ ಎಲ್ಲ ಸೇರಿದ ಬೆಲೆ. ಎರಡಕ್ಕೂ ಅಂತರ ಬಹಳ ಇರಲಿಲ್ಲ. "ಮಾಮಾ, ಬಾಡಗಿ ಅವ್ರೇ ಕೊಡ್ತಾರ, ನಮಗ್ಯಾಕ ತ್ರಾಸ" ಎಂದು ಎರಡನೆಯದಕ್ಕೆ ಒಪ್ಪಿದ.

ಯಂತ್ರ ಬಂತು, ಜೊತೆಗೆ ಏಜೆಂಟನ ಬಿಲ್ಲೂ ಬಂತು. ಬಂದರಿನ ಖರ್ಚು, ಗೋದಾಮಿನ ಖರ್ಚು, ಡೆಲಿವರಿ ಆರ್ಡರಿನ ಖರ್ಚು, ತಡವಾದ ದಿನಗಳ ದಂಡ. ಹಲವರ ಸರಕನ್ನು ಒಂದೇ ಕಂಟೇನರಿನಲ್ಲಿ ತುಂಬುವಾಗ, ಕಳಿಸುವವನಿಗೆ ಬಾಡಿಗೆಯನ್ನು ಹೆಚ್ಚೂಕಡಿಮೆ ಪುಕ್ಕಟೆ ಮಾಡಿ, ಆ ಕೊರತೆಯನ್ನು ಬಿಡಿಸಿಕೊಳ್ಳುವವನಿಂದ ತುಂಬಿಕೊಳ್ಳುವ ರೂಢಿ ಈ ವ್ಯಾಪಾರದಲ್ಲಿದೆ. ಏಜೆಂಟನನ್ನು ಗೊತ್ತು ಮಾಡಿದವರು ಅವರು, ಸರಕು ಇರುವುದು ಅವನ ಕೈಯಲ್ಲಿ. ಚೌಕಾಸಿ ಎಲ್ಲಿಯದು?

"ಮೋಸ ಅಂತ ಬರೀರಿ ಮಾಮಾ, ನಿಮಗ ಇಂಗ್ಲಿಷ್ ಬರ್ತದ" ಎಂದ. ನಾನು ನಿವೃತ್ತ ಮಾಸ್ತರ. ಬರೆಯುವ ಮೊದಲು ನಿಯಮ ಓದಿದೆ. ಪ್ಯಾರಿಸಿನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ 1936ರಲ್ಲಿ ಮೊದಲ ಬಾರಿ ಮಾಡಿದ ನಿಯಮಗಳವು. 2020ರ ಆವೃತ್ತಿಯಲ್ಲಿ 11 ಷರತ್ತುಗಳಿವೆ. ಸಿಐಎಫ್‌ನಲ್ಲಿ ಬಾಡಿಗೆಯೇನೋ ನಮ್ಮ ಬಂದರಿನವರೆಗೆ ಮಾರುವವನದು. ಆದರೆ ಸರಕು ಅಲ್ಲಿ ಹಡಗಿಗೇರಿದ ಕೂಡಲೇ ಹಾನಿಯ ಹೊಣೆ ಕೊಂಡವನದು. ಅವನು ಮಾಡಿಸಬೇಕಾದ ವಿಮೆಯೂ ಕನಿಷ್ಠ ದರ್ಜೆಯದು. ದುಡ್ಡು ಕೊಡುವವನು ಒಬ್ಬ, ನಷ್ಟ ಹೊರುವವನು ಇನ್ನೊಬ್ಬ.

ಇಷ್ಟು ಓದಿದ ಮೇಲೆ ನನಗೆ ಕೊಳಕೂರಿನ ನಮ್ಮ ಕಣ ನೆನಪಾಯಿತು. ತೊಗರಿ ರಾಶಿಯಾದಾಗ ಅಪ್ಪನಿಗೆ ಪ್ರತಿ ವರ್ಷ ಇದೇ ಲೆಕ್ಕ. ಭೀಮೆ ದಾಟಿ ಕಲಬುರಗಿಗೆ ಒಯ್ದರೆ ದರ ಹೆಚ್ಚು. ಲಾರಿ ಬಾಡಿಗೆ, ಹಮಾಲಿ, ಅಲ್ಲಿ ಕಾಯುವ ದಿನಗಳ ಊಟದ ಖರ್ಚು ಕಳೆದರೆ ಉಳಿಯುವುದೆಷ್ಟು? ಗೋಡೆಯ ಮೇಲೆ ಇದ್ದಲಿನಿಂದ ಗೀಚಿ ನೋಡುತ್ತಿದ್ದರು. ಒಂದು ವರ್ಷ ಕಣದಲ್ಲೇ ಮಾರಿದರು. ವ್ಯಾಪಾರಿ ಮುಂಜಾನೆ ಬಂದು ಎತ್ತುತ್ತೇನೆಂದು ಹೋದ. ರಾತ್ರಿ ಅಕಾಲದ ಮಳೆ ಹೊಡೆಯಿತು. ಚೀಲಗಳು ತೊಯ್ದು ತೊಪ್ಪೆಯಾದವು.

"ಕಣದಾಗ ಮಾರೀನಿ. ಮಾತಾದ ಮ್ಯಾಲ ಮಾಲು ನಿಂದು" ಎಂದರು ಅಪ್ಪ. ವ್ಯಾಪಾರಿ ಸ್ವಲ್ಪ ಹೊತ್ತು ನಿಂತಿದ್ದು, ಆಮೇಲೆ ಪೂರ್ತಿ ಹಣ ಎಣಿಸಿ ಕೊಟ್ಟ. ಅಪ್ಪನ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಆ ರಾತ್ರಿ ನಮ್ಮ ಪಡಸಾಲೆಯಲ್ಲಿ ತಾಡಪತ್ರಿ ಮಡಿಚಿಟ್ಟಿತ್ತು. ಅದರ ಮೇಲೇ ನಾನು ಮಲಗಿದ್ದೆ. ಆ ವರ್ಷದ ನನ್ನ ಹೈಸ್ಕೂಲು ಫೀ ಅದೇ ಹಣದ್ದು.

ಪತ್ರದಲ್ಲಿ 'ಮೋಸ' ಎಂಬ ಪದ ಬರೆಯಲು ಕೈ ಏಳಲಿಲ್ಲ. ಬಾಡಿಗೆ ಸೇರಿದೆ ಎಂದಿದ್ದರು, ಸೇರಿತ್ತು. ನಮ್ಮ ದಂಡೆಯ ಮೇಲಿನ ಖರ್ಚನ್ನು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಗೊತ್ತಿದ್ದೂ ಹೇಳದೆ ಇರುವುದಕ್ಕೆ ಯಾವ ಹೆಸರು ಕೊಡಬೇಕೆಂದು ನನಗಿನ್ನೂ ಬಗೆಹರಿದಿಲ್ಲ. ಖರ್ಚುಗಳನ್ನು ಮೊದಲೇ ತಿಳಿಸಬೇಕಿತ್ತು ಎಂದಷ್ಟೇ ಬರೆದೆ. "ಇಷ್ಟು ಮೆತ್ತಗ ಬರದ್ರ ಯಾರು ಕೇಳ್ತಾರ್ರೀ?" ಎಂದು ಅಳಿಯ ಮುಖ ಸಿಂಡರಿಸಿದ.

ಎರಡನೆಯ ಯಂತ್ರವನ್ನು ಎಫ್‌ಓಬಿ ಬೆಲೆಗೆ ಕೊಂಡ. ತಾನೇ ಏಜೆಂಟನನ್ನು ಹುಡುಕಿ, ಮಿಲ್ಲಿನ ಬಾಗಿಲಿನವರೆಗಿನ ಒಂದೊಂದು ಖರ್ಚನ್ನೂ ಮೊದಲೇ ಬರೆಸಿಕೊಂಡ. ಸುಂಕದಲ್ಲೇನೂ ಉಳಿಯಲಿಲ್ಲ, ಕಸ್ಟಮ್ಸಿನವರು ಬಾಡಿಗೆ, ವಿಮೆ ಸೇರಿಸಿಯೇ ಸುಂಕ ಹಾಕುತ್ತಾರೆ.

ತಾಡಪತ್ರಿಯ ಸಂಗತಿಯನ್ನು ಅವನಿಗೆ ನಾನು ಹೇಳಿಲ್ಲ.