ಭೂಕಂಪಕ್ಕೆ ಪಾಪ ಗೊತ್ತೆ?

1934ರ ಜನವರಿ 15ರ ಮಧ್ಯಾಹ್ನ ಬಿಹಾರ, ನೇಪಾಳಗಳಲ್ಲಿ ನೆಲ ನಡುಗಿತು. ಸತ್ತವರು ಹತ್ತು ಸಾವಿರಕ್ಕೂ ಹೆಚ್ಚು. ಅಸ್ಪೃಶ್ಯತೆಯ ವಿರುದ್ಧ ದಕ್ಷಿಣದಲ್ಲಿ ಸಂಚರಿಸುತ್ತಿದ್ದ ಗಾಂಧೀಜಿ ತಿರುನೆಲ್ವೇಲಿಯ ಸಭೆಯಲ್ಲಿ, ಇದು ಆ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಎಂದರು.

ರವೀಂದ್ರನಾಥ ಟಾಗೋರರಿಗೆ ಸುಮ್ಮನಿರಲಾಗಲಿಲ್ಲ. ಅಸ್ಪೃಶ್ಯತೆ ಅವರಿಗೂ ಅಸಹ್ಯವೇ, ತಕರಾರು ತರ್ಕದ್ದು. ಭೌತಿಕ ಉತ್ಪಾತಕ್ಕೆ ಭೌತಿಕ ಕಾರಣವೇ ಇರಬೇಕು, ಇಂಥ ವಾದ ಗಾಂಧಿಯವರಿಗಿಂತ ಅವರ ವಿರೋಧಿಗಳಿಗೇ ಚೆನ್ನಾಗಿ ಒಪ್ಪುತ್ತದೆ, ಭೂಕಂಪವನ್ನು ಅವರು ಗಾಂಧಿಯವರ ತಲೆಗೇ ಕಟ್ಟಿದರೂ ಅಚ್ಚರಿಯಿಲ್ಲ ಎಂದು ಬರೆದರು. ಗಾಂಧೀಜಿ ಆ ಪತ್ರವನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಅಚ್ಚುಹಾಕಿದರು. ನಂಟನ್ನು ಸಾಬೀತು ಮಾಡಲಾರೆ ಎಂದು ಒಪ್ಪಿಕೊಂಡರು, ನಂಬಿಕೆಯನ್ನು ಮಾತ್ರ ಬಿಡಲಿಲ್ಲ.

ಟಾಗೋರರು ಹೇಳಿದ ಭೌತಿಕ ಕಾರಣದ ಪೂರ್ತಿ ಚಿತ್ರ ಆಗ ಯಾರ ಕೈಯಲ್ಲೂ ಇರಲಿಲ್ಲ. ಖಂಡಗಳು ಚಲಿಸುತ್ತವೆ ಎಂದು 1912ರಲ್ಲೇ ವಾದಿಸಿದ್ದ ಆಲ್ಫ್ರೆಡ್ ವೆಗನರ್ ನಗೆಪಾಟಲಾಗಿ, 1930ರಲ್ಲಿ ಗ್ರೀನ್‌ಲ್ಯಾಂಡಿನ ಹಿಮದಲ್ಲಿ ತೀರಿಕೊಂಡಿದ್ದರು. ಭೂಮಿಯ ಹೊರಪದರ ಚಲಿಸುವ ಫಲಕಗಳಾಗಿ ಒಡೆದಿದೆ ಎನ್ನುವ ಭೂಫಲಕಗಳ ಸಿದ್ಧಾಂತ ಗಟ್ಟಿಯಾದದ್ದು 1960ರ ದಶಕದಲ್ಲಿ. ಭಾರತವನ್ನು ಹೊತ್ತ ಫಲಕ ಸುಮಾರು ಐದು ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಡಿಕ್ಕಿ ಹೊಡೆಯಿತು. ನೂಕಾಟ ಇನ್ನೂ ನಿಂತಿಲ್ಲ. ವರ್ಷಕ್ಕೆ ಸುಮಾರು ಎರಡು ಸೆಂಟಿಮೀಟರ್ ಚಲನೆಯನ್ನು ಹಿಮಾಲಯವೇ ನುಂಗಿಕೊಳ್ಳುತ್ತದೆ. ಬಂಡೆಗಳು ತಾಳಲಾರದೆ ಜಾರಿದ ದಿನ ಭೂಕಂಪ.

ದೇವರ ನ್ಯಾಯವನ್ನು ಹುಡುಕುವವರಿಗೆ ಇಲ್ಲಿ ದೊಡ್ಡ ತೊಡಕಿದೆ. ಆ ಡಿಕ್ಕಿಯೇ ಹಿಮಾಲಯವನ್ನು ಎತ್ತಿತು. ಅದರಿಂದ ಇಳಿದ ನದಿಗಳು ತಂದು ಸುರಿದ ಮೆಕ್ಕಲು ಮಣ್ಣೇ ಉತ್ತರ ಬಿಹಾರದ ಹೊಲ. 1934ರಲ್ಲಿ ಅದೇ ಮಣ್ಣು ನೀರು ಕುಡಿದ ಕೆಸರಿನಂತೆ ಸಡಿಲಗೊಂಡಿತು, ನೆಲದಿಂದ ಮರಳು ಚಿಮ್ಮಿ ಗದ್ದೆಗಳನ್ನು ಮುಚ್ಚಿತು, ಮನೆಗಳು ವಾಲಿದವು. ಅನ್ನ ಕೊಟ್ಟದ್ದೂ ಮನೆ ನುಂಗಿದ್ದೂ ಒಂದೇ ಚಲನೆ. ಒಂದನ್ನು ವರವೆಂದು, ಇನ್ನೊಂದನ್ನು ಶಾಪವೆಂದು ಬೇರ್ಪಡಿಸಲು ದಾರಿಯಿಲ್ಲ.

ಹಾಗೆಂದು ನೀತಿಯ ಪ್ರಶ್ನೆಗೆ ಕೆಲಸವಿಲ್ಲವೆಂದಲ್ಲ. 1755ರಲ್ಲಿ ಲಿಸ್ಬನ್ ನಗರ ಭೂಕಂಪಕ್ಕೆ ಕುಸಿದಾಗ ಚಿಂತಕ ವಾಲ್ಟೇರ್ ದೈವವನ್ನು ಕಟಕಟೆಗೆ ತಂದರು. ಇನ್ನೊಬ್ಬ ಚಿಂತಕ ರೂಸೋ ಮಾತ್ರ, ಆರೇಳು ಅಂತಸ್ತಿನ ಮನೆಗಳನ್ನು ಒತ್ತೊತ್ತಾಗಿ ಕಟ್ಟಿದ್ದು ಪ್ರಕೃತಿಯಲ್ಲ ಎಂದರು. ಈ ವ್ಯಾಜ್ಯದಲ್ಲಿ ಗೆಲುವು ರೂಸೋ ಅವರದೇ. ಸಾಕ್ಷಿಗೆ ನೇಪಾಳವನ್ನೇ ನೋಡಿ: ಅದು 1994ರಲ್ಲೇ ಕಟ್ಟಡ ಸಂಹಿತೆ ರೂಪಿಸಿತ್ತು. ಆದರೂ 2015ರ ಭೂಕಂಪದಲ್ಲಿ ಸುಮಾರು ಒಂಬತ್ತು ಸಾವಿರ ಜನ ಸತ್ತರು. ನೆಲಕಚ್ಚಿದವುಗಳಲ್ಲಿ ಬಹುಪಾಲು ಕಲ್ಲು, ಇಟ್ಟಿಗೆಗಳನ್ನು ಮಣ್ಣಿನಲ್ಲಿ ಜೋಡಿಸಿದ ಹಳ್ಳಿ ಮನೆಗಳು.