ಜೋಡಿ ಕಟ್ಟೋದು, ಹಣೆಪಟ್ಟಿ ಕಟ್ಟೋದು

ಚೀನಾದ ಕುಂಗ್‌ಫೂನಲ್ಲಿ ಎಷ್ಟು ಬಗೆ? ಉತ್ತರ, ಹೇಳುವವರ ಮೇಲೆ ಹೋಗುತ್ತೆ. ಕೆಲವರು ಉತ್ತರದ್ದು, ದಕ್ಷಿಣದ್ದು ಅಂತಾರೆ. ಇನ್ನು ಕೆಲವರು ಒಳಗಿನ ಶಕ್ತಿಯದ್ದು, ಹೊರಗಿನ ಬಲದ್ದು ಅಂತಾರೆ. 1928ರಲ್ಲಿ ನಾನ್‌ಜಿಂಗ್‌ನಲ್ಲಿ ಸರ್ಕಾರದ ಬೆಂಬಲದ ಕೇಂದ್ರ ಸಂಸ್ಥೆಯೊಂದು ಶುರುವಾದಾಗ ಶಾವೊಲಿನ್, ವುಡಾಂಗ್ ಅಂತ ಎರಡೇ ವಿಭಾಗ ಮಾಡಿದರು. ಒಂದೇ ಸೂರಿನಡಿ ಕಲಿಸಬೇಕಾದವರು ಎರಡು ಬಣವಾಗಿ ಕಿತ್ತಾಡಿದರು. ಕೊನೆಗೆ ಆ ವಿಂಗಡಣೆಯನ್ನೇ ಕೈಬಿಡಬೇಕಾಯ್ತು.

ನಗೋದು ಬೇಡ, ನಮ್ಮಲ್ಲೂ ಇದೆ. ನಾಡಕುಸ್ತಿ, ಪಾಯಿಂಟ್ ಕುಸ್ತಿ, ಮಟ್ಟಿಯದ್ದು, ಮ್ಯಾಟಿನದ್ದು. ಮಲ್ಲಯುದ್ಧಕ್ಕೆ ಹನುಮಂತಿ, ಜಾಂಬವಂತಿ, ಜರಾಸಂಧಿ, ಭೀಮಸೇನಿ ಅಂತ ನಾಲ್ಕು ಹೆಸರು ಹೇಳೋರೂ ಇದ್ದಾರೆ. ಇದರಲ್ಲಿ ಯಾವ ವಿಂಗಡಣೆ ಸರಿ?

ಪ್ರಶ್ನೆಯನ್ನೇ ಸ್ವಲ್ಪ ಬದಲಿಸಬೇಕು ಅನ್ಸುತ್ತೆ. ಈ ವಿಂಗಡಣೆ ಯಾರಿಗೋಸ್ಕರ?

12ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ 3ನೇ ಸೋಮೇಶ್ವರ 'ಮಾನಸೋಲ್ಲಾಸ'ದಲ್ಲಿ ಮಲ್ಲರನ್ನ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಅಂತ ವಿಂಗಡಿಸಿದ. ನೋಡಿದ್ದು ವಯಸ್ಸು, ಮೈಕಟ್ಟು, ಬಲ. ಇವತ್ತಿನ ತೂಕದ ವಿಭಾಗಗಳೂ ಹಾಗೇನೇ. 57 ಕೆಜಿಯವನ ಎದುರು 97 ಕೆಜಿಯವನನ್ನ ಬಿಡಬಾರದು. ಮೈಸೂರು ದಸರಾ ಕುಸ್ತಿಗೆ ಮುಂಚೆ 'ಜೋಡಿ ಕಟ್ಟೋದು' ಅಂತೀವಲ್ಲ, ಅದೂ ಇದೇ. ಇಲ್ಲಿ ಅಳತೆ ಮಾಡೋದು ಅಖಾಡಕ್ಕಿಳಿಯೋ ಪೈಲ್ವಾನನ ಮೈ ಮುರೀದೇ ಇರಲಿ ಅಂತ. 'ನಮ್ಮದೇ ಅಸಲಿ, ನಿಮ್ಮದು ಕಲಬೆರಕೆ' ಅನ್ನೋ ವಿಂಗಡಣೆಯಿಂದ ಪೈಲ್ವಾನನಿಗೆ ಏನೂ ಸಿಗಲ್ಲ. ಲಾಭವೆಲ್ಲ ಹಣೆಪಟ್ಟಿ ಕಟ್ಟಿದವನಿಗೆ.

ಆದರೆ ಎಲ್ಲವೂ ಇಷ್ಟು ಸಲೀಸಲ್ಲ. ಜೆಟ್ಟಿಗಳ ವಜ್ರಮುಷ್ಟಿ ಕಾಳಗವನ್ನೇ ತಗೊಳ್ಳಿ. ತಲೆಯಿಂದ ರಕ್ತ ಚಿಮ್ಮಿದ ಕೂಡಲೇ ಮುಗಿಯೋ ಕಾಳಗ ಅದು. 'ಕ್ರೀಡೆ' ಅಂದ್ರೆ ಯಾವ ರೆಫರಿಯೂ ಒಪ್ಪಲ್ಲ. 'ಸಂಪ್ರದಾಯ' ಅಂದಿದ್ದಕ್ಕೇ ಉಳ್ಕೊಂಡಿದೆ. ಆದ್ರೆ ಉಳಿದಿರೋದು ವಿಜಯದಶಮಿ ದಿನ, ಅರಮನೆ ಅಂಗಳದಲ್ಲಿ, ಕೆಲವೇ ಕ್ಷಣ. ಕಾಪಾಡಿದ ಪೆಟ್ಟಿಗೆಯೇ ಕುಗ್ಗಿಸಿಯೂ ಇದೆ. ಇದು ಸರಿಯೋ ತಪ್ಪೋ ಅಂತ ನಾನು ಹೇಳೋಕಾಗಲ್ಲ. ಆ ಮಾತು ಮೊದಲು ತಲೆ ಒಡ್ಡೋ ಜೆಟ್ಟಿಗಳದ್ದು.

ಕೆ.ಆರ್.ಪೇಟೆ ಪಕ್ಕದ ನಮ್ಮ ಹೊಸಹೊಳಲಲ್ಲಿ ಹೊಯ್ಸಳರ ಲಕ್ಷ್ಮೀನಾರಾಯಣ ದೇವಸ್ಥಾನ ಇದೆ. ಹೊರಗಿಂದ ಕಾಣೋದು ಒಂದೇ ಶಿಖರ. ಅಷ್ಟಕ್ಕೇ ಏಕಕೂಟ ಅಂತ ಬರ್ಕೊಂಡು ಹೋದ್ರೆ ಲೆಕ್ಕ ತಪ್ಪುತ್ತೆ, ಯಾಕಂದ್ರೆ ಒಳಗೆ ಗರ್ಭಗುಡಿ ಮೂರು. ತಪ್ಪು ಬರೆದ್ರೆ ಕಲ್ಲಿಗೇನೂ ನೋವಾಗಲ್ಲ. ಮನುಷ್ಯರಿಗೆ ಆಗುತ್ತೆ. ನಮ್ಮ ಆಫೀಸುಗಳಲ್ಲಿ 'ಅವನು ಟೆಸ್ಟಿಂಗ್‌ನವನು', 'ಅವಳು ಬರೀ ಸಪೋರ್ಟು' ಅಂತ ಒಂದ್ಸಲ ಅಂಟಿದ್ದು, ಎಷ್ಟು ಪ್ರಾಜೆಕ್ಟ್ ಬದಲಾದ್ರೂ ಬಿಡಲ್ಲ.

ವಿಂಗಡಿಸದೆ ಬದುಕೋಕೆ ಆಗಲ್ಲ, ನಿಜ. ಆದ್ರೆ ಗೋವಲ ಅನ್ನಿಸಿಕೊಂಡವನು ಸಾಮು ಮಾಡಿ ಬಲ ಬೆಳೆಸಿದ್ರೆ, ಅವನನ್ನ ಮತ್ತೆ ಅಳೀಬೇಕು. ಹಾಗೆ ಮತ್ತೆ ಅಳೆಯೋಕೆ ತಯಾರಿಲ್ಲದವರು ಯಾರಿಗೂ ಹೆಸರಿಡೋಕೆ ಹೋಗಬಾರದು.