ದೇವರು ಇಳಿದ ಮೇಲೆ ತೇರು

ನಮ್ಮೂರ ಕಲ್ಮೇಶ್ವರನ ತೇರು ಸಾಗುವುದು ವರ್ಷಕ್ಕೊಂದೇ ಸಂಜೆ. ಗುಡಿಯಿಂದ ಹೊರಟು, ಅಗಸಿ ದಾಟಿ, ಪಾದಗಟ್ಟೆ ಮುಟ್ಟಿ ಮರಳುವಷ್ಟರಲ್ಲಿ ಮಬ್ಬುಗತ್ತಲಾಗಿರುತ್ತದೆ. ಮಿಕ್ಕ ವರ್ಷವೆಲ್ಲ ಅದು ನಿಂತೇ ಇರುತ್ತದೆ. ಆ ನಿಂತ ದಿನಗಳ ಬಗ್ಗೆಯೇ ಈಗ ಊರಲ್ಲಿ ವಾದ ಎದ್ದಿದೆ. ಹಿಂದಿನಿಂದ ಬಂದ ಹಾಗೆ ತಗಡು ಹೊದಿಸಿ ಬಯಲಲ್ಲೇ ಬಿಡುವುದೋ, ಇಲ್ಲ ನಾಲ್ಕು ಗೋಡೆ, ಸ್ಲ್ಯಾಬು, ಶಟರ್ ಇರುವ ತೇರಿನ ಮನೆ ಕಟ್ಟಿ ಒಳಗಿಟ್ಟು ಬೀಗ ಹಾಕುವುದೋ. ಜಾತ್ರೆ ಕಮಿಟಿಯವರಿಗೆ ಇದು ಸಿಮೆಂಟು-ಕಬ್ಬಿಣದ ಲೆಕ್ಕ. ನನಗೆ ಇದರೊಳಗೆ ದೇವರ ಲೆಕ್ಕವೂ ಇದೆ ಅನಿಸುತ್ತದೆ.

ನಮ್ಮದು ಬಡಿಗೇರ ಮನೆತನ. ನಾನು ಸಾಲಿ ಮಾಸ್ತರನಾದೆ, ತಮ್ಮ ಉಳಿ-ಬಾಚಿ ಹಿಡಿದ. ಜಾತ್ರೆಗೆ ಮುಂಚೆ ಅವನು ತೇರಿನ ತಗಡು ಬಿಚ್ಚುವಾಗ ನಾನೂ ಜೊತೆಗೆ ಹೋಗುತ್ತೇನೆ. ತಗಡು ಸರಿದ ಕೂಡಲೇ ಹೋದ ವರ್ಷದ ಜಾತ್ರೆ ಕಣ್ಣೆದುರು ಬರುತ್ತದೆ. ಜನ ಭಕ್ತಿಯಿಂದ ತೂರಿದ ಬಾಳೆಹಣ್ಣು ಕೆತ್ತನೆಯ ಸಂದಿಯಲ್ಲಿ ಕಪ್ಪಗೆ ಒಣಗಿ ಅಂಟಿರುತ್ತದೆ. ಸಾಲಾನೆಗಳ ಸೊಂಡಿಲ ನಡುವೆ ಉತ್ತತ್ತಿ ಸಿಕ್ಕಿಕೊಂಡಿರುತ್ತದೆ, ಅದರ ಸುತ್ತ ಇರುವೆ ತಂದಿಟ್ಟ ಮಣ್ಣು. ತಮ್ಮ ಅದನ್ನೆಲ್ಲ ತೆಂಗಿನ ನಾರಿನಿಂದ ತಿಕ್ಕಿ, ಬಿದಿರುಕಡ್ಡಿಯಿಂದ ಕೆದರಿ ತೆಗೆಯುತ್ತಾನೆ. ಕೆತ್ತನೆಗೆ ಕಬ್ಬಿಣ ಸೋಕಿಸುವುದಿಲ್ಲ. ಆಮೇಲೆ ಬೆರಳ ಗೆಣ್ಣಿನಿಂದ ಗಾಲಿ, ಅಚ್ಚು, ಕಂಬ ಒಂದೊಂದನ್ನೂ ತಟ್ಟುತ್ತಾ ಸುತ್ತು ಬರುತ್ತಾನೆ. ಗಟ್ಟಿ ಕಟ್ಟಿಗೆಯ ಸದ್ದೇ ಬೇರೆ, ನುಸಿ ಹೊಕ್ಕ ಕಟ್ಟಿಗೆಯ ಸದ್ದೇ ಬೇರೆ. ಸದ್ದು ಬದಲಾದ ಕಡೆ ಅವನ ಕೈ ನಿಲ್ಲುತ್ತದೆ, ಮುಖವೂ ಸಣ್ಣದಾಗುತ್ತದೆ.

ಬಯಲಿಗಿಂತ ಮನೆ ಮೇಲು ಎಂದು ಕಣ್ಣುಮುಚ್ಚಿ ಹೇಳಲಾಗದು. ನಿಜ, ಬಯಲಲ್ಲಿ ಬಿಸಿಲಿಗೆ ಬಣ್ಣ ಉದುರುತ್ತದೆ, ತೊಲೆಗಳ ತುದಿ ಸೀಳುತ್ತದೆ. ಸಾಗವಾನಿಯಲ್ಲಿ ಎಣ್ಣೆಯ ಅಂಶ ಇರುವುದರಿಂದ ತಾಳಿಕೊಳ್ಳುತ್ತದೆ, ಬೇರೆ ಜಾತಿಯ ಕಟ್ಟಿಗೆ ಅಷ್ಟು ತಾಳುವುದಿಲ್ಲ. ತಗಡನ್ನು ಮೈಗೆ ಅಂಟಿಸಿ ಬಿಗಿದರೆ ಮಳೆಗಾಲದಲ್ಲಿ ಒಳಗೇ ಬೆವರುತ್ತದೆ. ಆದರೆ ಗಾಳಿಯಾಡದ ಕೋಣೆಯಲ್ಲಿಟ್ಟರೂ ಇದೇ ಕಥೆ: ತೇವ ಒಳಗೇ ನಿಲ್ಲುತ್ತದೆ, ಕತ್ತಲೆಯಲ್ಲಿ ಯಾರ ಕಣ್ಣಿಗೂ ಬೀಳದೆ ಗೆದ್ದಲು ನೆಲದಿಂದ ಗಾಲಿಗೆ ಏರುತ್ತದೆ. ಇಡೀ ಭಾರ ಗಾಲಿಯ ಒಂದೇ ಬದಿಯ ಮೇಲೆ ಕುಳಿತು ಅದರ ದುಂಡು ಕೆಡುವುದಂತೂ ಒಳಗಾದರೂ ಸೈ, ಹೊರಗಾದರೂ ಸೈ. ಅದಕ್ಕೇ ತಮ್ಮ ಜಾಕಿ ಹಚ್ಚಿ ಅಚ್ಚನ್ನು ಕಲ್ಲಿನ ಮೇಲೆ ಕೂರಿಸುತ್ತಾನೆ.

ಇಷ್ಟು ಕಟ್ಟಿಗೆಯ ಮಾತಾಯಿತು, ಇನ್ನು ದೇವರ ಮಾತು. ಜಾತ್ರೆಯ ಐದನೆಯ ದಿನ ಕಳಸ ಇಳಿಸಿದ ಮೇಲೆ ತೇರಿಗೆ ನಿತ್ಯಪೂಜೆ ಇಲ್ಲ. ಹಾಗಾದರೆ ಅದು ಮುಂದಿನ ಜಾತ್ರೆಯವರೆಗೆ ಏನು? ಸಭೆಯಲ್ಲಿ ಒಬ್ಬ ಹಿರಿಯರು, “ದೇವರು ಇಳಿದ ಮೇಲೆ ಅದು ಬರೇ ಕಟ್ಟಿಗಿ. ಕಳುವಾಗದಂಗ ಇಟ್ಟರ ಸಾಕು” ಎಂದರು. ಅದಕ್ಕೆ ಆಧಾರವಾಗಿ ಅರ್ಜುನನ ರಥದ ಕಥೆಯನ್ನೂ ಹೇಳಿದರು. ಯುದ್ಧ ಮುಗಿದ ಮೇಲೆ ಕೃಷ್ಣ ಮೊದಲು ಅರ್ಜುನನನ್ನು ಇಳಿಸುತ್ತಾನೆ, ಆಮೇಲೆ ತಾನು ಇಳಿಯುತ್ತಾನೆ. ಧ್ವಜದ ಹನುಮ ಮರೆಯಾಗಿ ರಥ ಉರಿದು ಬೂದಿಯಾಗುತ್ತದೆ. ದ್ರೋಣ, ಕರ್ಣರ ಅಸ್ತ್ರಗಳಿಂದ ಅದು ಎಂದೋ ಸುಟ್ಟುಹೋಗಿತ್ತು, ಕೃಷ್ಣ ಕುಳಿತಿದ್ದಕ್ಕೆ ಅಲ್ಲಿಯತನಕ ನಿಂತಿತ್ತು.

ಕಥೆ ದೊಡ್ಡದು. ಆದರೆ ಅದನ್ನು ನಮ್ಮ ತೇರಿಗೆ ಹಚ್ಚುವುದನ್ನು ನಾನು ಒಪ್ಪಲಾರೆ. ಅರ್ಜುನನ ರಥದ ಕೆಲಸ ಅಂದಿಗೆ ಮುಗಿದಿತ್ತು, ಮರಳಿ ಏರುವವರು ಯಾರೂ ಇರಲಿಲ್ಲ. ನಮ್ಮ ತೇರಿನಿಂದ ಇಳಿದ ದೇವರು ಮುಂದಿನ ವರ್ಷ ಮತ್ತೆ ಏರಬೇಕು. ಹೊಲಕ್ಕೆ ಹೋಗುವ ಹೆಣ್ಣುಮಕ್ಕಳಿಗೆ ಇದು ಗೊತ್ತಿದೆ. ಬುಟ್ಟಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಗಾಲಿ ಮುಟ್ಟಿ ಕಣ್ಣಿಗೊತ್ತಿಕೊಂಡು ಹೋಗುತ್ತಾರೆ. ಯಾವ ಶಾಸ್ತ್ರವೂ ಅವರಿಗೆ ಹೇಳಿಕೊಟ್ಟಿದ್ದಲ್ಲ. ಶಟರ್ ಎಳೆದ ದಿನದಿಂದ ಆ ಕೈಗೆ ಗಾಲಿ ಸಿಗುವುದಿಲ್ಲ. ಕಟ್ಟಿಗೆ ಉಳಿಸಲು ಹೋಗಿ ನಾವು ಕಳೆದುಕೊಳ್ಳುವ ಮೊದಲನೆಯದು ಅದು.

ಎರಡನೆಯದು ಇನ್ನೂ ದೊಡ್ಡದು; ಅದು ತಿಳಿಯಲು ಪುರಿಯ ಕಡೆ ನೋಡಬೇಕು. ಅಲ್ಲಿ ತೇರನ್ನು ಕಾದಿಡುವ ಪ್ರಶ್ನೆಯೇ ಇಲ್ಲ. ಅಕ್ಷಯ ತೃತೀಯದಂದು ಕೆಲಸ ಆರಂಭಿಸಿ ಪ್ರತಿ ವರ್ಷ ಮೂರು ರಥ ಹೊಸದಾಗಿ ಕಟ್ಟುತ್ತಾರೆ. ಜಗನ್ನಾಥನ ನಂದಿಘೋಷಕ್ಕೆ 16 ಗಾಲಿ, ಬಲಭದ್ರನ ತಾಳಧ್ವಜಕ್ಕೆ 14, ಸುಭದ್ರೆಯ ದರ್ಪದಲನಕ್ಕೆ 12. ಯಾತ್ರೆ ಮುಗಿದ ಮೇಲೆ ಬಿಚ್ಚುತ್ತಾರೆ. ಕಟ್ಟಿಗೆಯ ಬಹುಪಾಲು ಗುಡಿಯ ಅಡುಗೆಮನೆಯ ಒಲೆಗೆ ಹೋಗುತ್ತದೆ, ಗಾಲಿಗಳನ್ನು ಭಕ್ತರು ಕೊಂಡೊಯ್ಯುತ್ತಾರೆ. ಹಾಗಿದ್ದರೆ ಪುರಿಯವರು ಕಾದಿಟ್ಟದ್ದು ಏನನ್ನು? ವಂಶಪಾರಂಪರ್ಯವಾಗಿ ರಥ ಕಟ್ಟುವ ಮಹಾರಣಾ ಬಡಗಿಗಳ ಕೈಯನ್ನು. ಕಟ್ಟಿಗೆ ವರ್ಷವರ್ಷವೂ ಒಲೆ ಸೇರುತ್ತದೆ, ಗಾಲಿಗೆ ಅರೆಕಾಲು ಕೂಡಿಸುವ ಅಳತೆ ಮಾತ್ರ ತಂದೆಯಿಂದ ಮಗನಿಗೆ ಹೋಗುತ್ತದೆ. ಹಂಪಿಯ ವಿಠ್ಠಲ ಗುಡಿಯ ಕಲ್ಲಿನ ತೇರಿಗೆ ಸೂರೂ ಬೇಡ, ವರ್ಷವರ್ಷದ ಬಡಿಗೇರನೂ ಬೇಡ. ಆದರೆ ಅದು ಗರುಡನ ಗುಡಿ, ಮಿಣಿ ಕಟ್ಟಿ ಎಳೆಯುವಂಥದ್ದಲ್ಲ.

ಹಾಗಾದರೆ ತೇರನ್ನು ತೇರಾಗಿಸುವುದು ಏನು? ಮಿಲಿಂದ ಎಂಬ ಗ್ರೀಕ್ ದೊರೆಗೂ ಬೌದ್ಧ ಭಿಕ್ಷು ನಾಗಸೇನನಿಗೂ ನಡೆದ ಸಂವಾದ ಮಿಲಿಂದಪನ್ಹದಲ್ಲಿದೆ. ರಥದಲ್ಲಿ ಬಂದೆ ಎಂದ ದೊರೆಯನ್ನು ನಾಗಸೇನ ಕೇಳುತ್ತಾನೆ: ಅಚ್ಚು ರಥವೋ, ಗಾಲಿ ರಥವೋ, ನೊಗ ರಥವೋ? ಯಾವುದೂ ಅಲ್ಲ ಎಂದು ದೊರೆ ಒಪ್ಪಬೇಕಾಗುತ್ತದೆ. ಎಲ್ಲ ಕೂಡಿದಾಗ ರಥವೆಂಬ ಹೆಸರು ಬರುತ್ತದೆ, ಅಷ್ಟೆ. ನಾಗಸೇನ ಇದನ್ನು ಹೇಳಿದ್ದು ಮನುಷ್ಯನೊಳಗೆ ಬೇರೆಯಾಗಿ ಉಳಿಯುವ ‘ನಾನು’ ಇಲ್ಲ ಎನ್ನಲು. ಬಡಿಗೇರ ಮನೆಯಲ್ಲಿ ಹುಟ್ಟಿದ ನನಗೆ ಅದು ಇನ್ನೊಂದು ದಾರಿಯಲ್ಲಿ ಮನಸ್ಸಿಗೆ ಇಳಿದಿದೆ. ನಮ್ಮ ತೇರಿನ ಹಿಂದಿನ ಗಾಲಿಗಳು ಅಪ್ಪನ ಕಾಲದವು, ಅಚ್ಚು ತಮ್ಮ ಹಾಕಿದ್ದು, ಬುಡದ ಗಡ್ಡೆಯ ಕೆಳಗಿನ ತೊಲೆ ಯಾರ ಕಾಲದ್ದೋ. ಆದರೂ ಊರಿಗೆ ಅದು ಮುತ್ತಜ್ಜ ಎಳೆದ ಅದೇ ತೇರು. ಅದನ್ನು ಅದೇ ತೇರಾಗಿ ಉಳಿಸಿದ್ದು ತಲೆಮಾರುಗಳ ದುರಸ್ತಿ. ಪೂಜೆಯ ಕಳಸ ಇಳಿದ ಮೇಲೂ ನಡೆಯುವ ಪೂಜೆ ಎಂದರೆ ಈ ದುರಸ್ತಿಯೇ ಎಂದು ನಾನು ನಂಬಿದ್ದೇನೆ. ಬೀಗ ಹಾಕಿದ ಕೋಣೆ ತಪ್ಪಿಸುವುದು ಅದನ್ನೇ; ನಾನು ಹೇಳಿದ ಎರಡನೆಯ ನಷ್ಟ ಇದು. ಕಣ್ಣಿಗೆ ಬೀಳದ ಬಿರುಕಿಗೆ ಬಡಿಗೇರನನ್ನು ಕರೆಯುವವರಾರು? ಇಪ್ಪತ್ತು ವರ್ಷ ಕರೆಯದೆ ಇದ್ದರೆ ಇಪ್ಪತ್ತೊಂದನೆಯ ವರ್ಷ ಕರೆಯಲು ಬಡಿಗೇರ ಉಳಿದಿರುತ್ತಾನೆಯೇ?

ಹಾಗೆಂದು ಮಳೆಗೆ ನೆನೆಯಲಿ ಎನ್ನುವವನು ನಾನಲ್ಲ. ಪುರಿಗೆ ಕಾಡಿನಿಂದ ವರ್ಷವರ್ಷ ದಿಮ್ಮಿ ಬರುತ್ತದೆ, ನಮಗೆ ಒಂದು ತೊಲೆ ಹೊಂದಿಸುವುದೇ ಕಷ್ಟ. ಕಮಿಟಿಗೆ ನಾನು ಬರೆದುಕೊಟ್ಟದ್ದು ಇಷ್ಟು: ಎತ್ತರದ ಸೂರು ಇರಲಿ, ಗೋಡೆ ಬೇಡ, ಶಟರ್ ಬೇಡ. ಕೆಳಗೆ ಕಲ್ಲುಚಪ್ಪಡಿ ಹಾಸಿ, ನೀರು ಹರಿದುಹೋಗುವಂತೆ ಇಳಿಜಾರು ಕೊಡಿ. ಕಳ್ಳರ ಭಯವಿದ್ದರೆ ಹಿತ್ತಾಳೆಯ ಕಳಸ, ಗಗ್ಗರಗಳನ್ನು ಗುಡಿಯೊಳಗೆ ಇಡಿ. ಗೋಡೆಯಿಂದ ಉಳಿದ ಹಣದಲ್ಲಿ ಕರಿಜಾಲಿಯ ದಿಮ್ಮಿ ತಂದು ನೆರಳಲ್ಲಿ ಒಣಗಲು ಹಾಕಿ. ಅದು ಹದಕ್ಕೆ ಬಂದಾಗ ಮುಂದಿನ ಎಡಗಾಲಿಯನ್ನು ತಮ್ಮ ಹೊಸದಾಗಿ ಮಾಡಲಿ, ಊರಿನ ಇಬ್ಬರು ಹುಡುಗರು ಕಲಿಯಲು ಅವನ ಪಕ್ಕದಲ್ಲಿರಲಿ, ಅವರಿಗೆ ಪಗಾರವನ್ನು ಜಾತ್ರೆಯ ದುಡ್ಡಿನಿಂದಲೇ ಕೊಡಿ. ಸೂರಿಗೆ ಕಮಿಟಿ ಒಪ್ಪಿದೆ. ಹುಡುಗರ ಪಗಾರದ ಮಾತು ಮುಂದಿನ ಸಭೆಗೆ ಹೋಗಿದೆ.